ಮೊತ್ತ ಗುಟ್ಟಾಗಿರಲಿ, ನಡೆದದ್ದೇಕೆ?

ಚಂದ್ರನ ನೆಲದ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ 2012ರ ಆಗಸ್ಟ್ 25ರಂದು ತೀರಿಕೊಂಡರು. ಅವರಿಗೆ 82 ವರ್ಷವಾಗಿತ್ತು. ಹೃದಯದ ಚಿಕಿತ್ಸೆಯ ನಂತರ ಉಂಟಾದ ತೊಡಕುಗಳಿಂದ ಸಾವು ಸಂಭವಿಸಿತು ಎಂದು ಕುಟುಂಬ ಹೇಳಿಕೆ ಕೊಟ್ಟಿತು. ಲೋಕ ಅಷ್ಟನ್ನೇ ಓದಿ, ನಂಬಿ, ಶ್ರದ್ಧಾಂಜಲಿ ಸಲ್ಲಿಸಿತು. ಮುಂದೆ ಏಳು ವರ್ಷ ಅದಕ್ಕಿಂತ ಹೆಚ್ಚೇನೂ ಹೊರಗೆ ಬರಲಿಲ್ಲ. 2019ರ ಜುಲೈನಲ್ಲಿ, ಅಪೊಲೊ 11ರ ಐವತ್ತನೇ ವರ್ಷದ ಸಂಭ್ರಮ ಮುಗಿಯುತ್ತಿದ್ದಂತೆ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬೇರೊಂದು ಸುದ್ದಿ ಪ್ರಕಟಿಸಿತು. ಯಾರೋ ಹೆಸರು ಹಾಕದೆ ಅಂಚೆಯಲ್ಲಿ ಕಳಿಸಿದ 93 ಪುಟಗಳ ಕಾಗದಪತ್ರ ಅದಕ್ಕೆ ಆಧಾರ.

ಓಹಿಯೋ ರಾಜ್ಯದ ಫೇರ್‌ಫೀಲ್ಡ್‌ನ ಆಸ್ಪತ್ರೆಯಲ್ಲಿ ಆರ್ಮ್‌ಸ್ಟ್ರಾಂಗ್ ಅವರಿಗೆ ಬೈಪಾಸ್ ಆಗಿತ್ತು. ಇಂಥ ಶಸ್ತ್ರಚಿಕಿತ್ಸೆಯಾದ ಮೇಲೆ ಹೃದಯ ಬಡಿತ ಹದದಲ್ಲಿರಲೆಂದು ತಾತ್ಕಾಲಿಕ ಪೇಸ್‌ಮೇಕರ್‌ನ ಸಣ್ಣ ತಂತಿಗಳನ್ನು ಹೃದಯಕ್ಕೆ ಜೋಡಿಸಿರುತ್ತಾರೆ. ಕೆಲ ದಿನಗಳ ನಂತರ ಅವನ್ನು ಎಳೆದು ತೆಗೆಯುತ್ತಾರೆ. ನರ್ಸ್ ಆ ತಂತಿಗಳನ್ನು ತೆಗೆದ ಮೇಲೆ ಹೃದಯದ ಸುತ್ತಲಿನ ಪೊರೆಯೊಳಗೆ ರಕ್ತ ಸೋರಿತು, ರಕ್ತದೊತ್ತಡ ಕುಸಿಯಿತು. ಅವರನ್ನು ಮೊದಲು, ರಕ್ತನಾಳಕ್ಕೆ ಕೊಳವೆ ತೂರಿಸಿ ಹೃದಯ ಪರೀಕ್ಷಿಸುವ ಕ್ಯಾಥ್ ಲ್ಯಾಬ್‌ಗೆ ಒಯ್ದರು, ಆಪರೇಷನ್ ಥಿಯೇಟರಿಗೆ ಒಯ್ದದ್ದು ಆಮೇಲೆ. ನೇರವಾಗಿ ಥಿಯೇಟರಿಗೇ ಒಯ್ಯಬೇಕಿತ್ತೇ ಎಂಬುದರಲ್ಲಿ ಎರಡೂ ಕಡೆಯವರು ನೇಮಿಸಿದ ತಜ್ಞರಿಗೆ ಒಮ್ಮತವಿರಲಿಲ್ಲ. ತಾನು ಕೊಟ್ಟ ಚಿಕಿತ್ಸೆ ಸರಿಯಾಗಿಯೇ ಇತ್ತು ಎಂದು ಆಸ್ಪತ್ರೆ ವಾದಿಸಿತು. ಹಾಗೆ ವಾದಿಸುತ್ತಲೇ 2014ರಲ್ಲಿ ಕುಟುಂಬಕ್ಕೆ 60 ಲಕ್ಷ ಡಾಲರ್ ಕೊಟ್ಟಿತು. ದೂರೂ ರಾಜಿಯೂ ಗುಟ್ಟಾಗಿಯೇ ಉಳಿಯಬೇಕು ಎಂಬುದು ಷರತ್ತಾಗಿತ್ತು.

ಆ ಕಾಗದಪತ್ರಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಒಂದು ಇಮೇಲ್. ಆರ್ಮ್‌ಸ್ಟ್ರಾಂಗ್ ಅವರ ಸೊಸೆಯೊಬ್ಬರು ವಕೀಲರು. ಮಾತುಕತೆಯ ಹಂತದಲ್ಲಿ ಅವರು ಎದುರು ಪಕ್ಷದ ವಕೀಲರಿಗೆ ಬರೆದರು: ಗಂಡುಮಕ್ಕಳಿಬ್ಬರೂ ಆ ಜುಲೈನಲ್ಲಿ ಅಪೊಲೊ 11ರ 45ನೇ ವರ್ಷಾಚರಣೆಗೆ ಕೆನಡಿ ಬಾಹ್ಯಾಕಾಶ ಕೇಂದ್ರಕ್ಕೆ ಹೋಗಲಿದ್ದಾರೆ, ಅಲ್ಲಿ ರಾಷ್ಟ್ರೀಯ ಮಾಧ್ಯಮಗಳು ಇರುತ್ತವೆ, ಪುಸ್ತಕ ಬರೆಯುವವರೂ ಸಿನಿಮಾ ಮಾಡುವವರೂ ಅವರನ್ನು ಮಾತಾಡಿಸುತ್ತಿದ್ದಾರೆ. ಅದಕ್ಕಿಂತ ಮೊದಲೇ ವಿಷಯ ಇತ್ಯರ್ಥವಾದರೆ ಒಳ್ಳೆಯದು ಎಂಬ ಸೂಚನೆ ಅದರಲ್ಲಿತ್ತು. ಇತ್ಯರ್ಥವೂ ಆಯಿತು.

ಆ ಕುಟುಂಬದ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ತಂದೆಯನ್ನು ಕಳೆದುಕೊಂಡವರು ನ್ಯಾಯವೆಂದು ತಮಗೆ ಕಂಡದ್ದನ್ನು ಕೇಳಿದರು. ಆ ಇಮೇಲ್ ಕಾನೂನುಬಾಹಿರ ಎಂದು ಯಾವ ಕೋರ್ಟೂ ಹೇಳಿಲ್ಲ. ಆದರೆ ವೈದ್ಯಕೀಯ ನಿರ್ಲಕ್ಷ್ಯದ ರಾಜಿಯಲ್ಲಿ ಮೌನಕ್ಕೆ ಬೆಲೆ ಕಟ್ಟುವುದು ಹೇಗೆ, ಕಟ್ಟುವವರು ಯಾರು ಎಂಬುದು ಇಷ್ಟು ಸ್ಪಷ್ಟವಾಗಿ ಹೊರಬಿದ್ದದ್ದು ಅಪರೂಪ. ಆ ಏಳು ವರ್ಷಗಳಲ್ಲಿ ಹೃದಯಕ್ಕೆ ತಂತಿ ಜೋಡಿಸಿಕೊಂಡು ಮಲಗಿದ ಅದೆಷ್ಟೋ ರೋಗಿಗಳು ಅಮೆರಿಕದ ತುಂಬ ಇದ್ದರು. ತಂತಿ ತೆಗೆಯುವ ಹೊತ್ತಿನಲ್ಲಿ ಏನಾಗಬಹುದು, ರಕ್ತ ಸೋರಿದರೆ ಮೊದಲು ಎಲ್ಲಿಗೆ ಒಯ್ಯಬೇಕು ಎಂದು ಅವರ ಮನೆಯವರು ಕೇಳಬಹುದಿತ್ತು. ಕೇಳಲು ಅವರಿಗೆ ಕಾರಣವೇ ಗೊತ್ತಿರಲಿಲ್ಲ.

ಅಮೆರಿಕದಲ್ಲಿ ಈ ರಾಜಿಗಳು ಸಾಮಾನ್ಯವಾಗಿ ನಡೆಯುವ ರೀತಿ ಹೀಗೆ. ರೋಗಿಯ ಪರ ವಕೀಲ ದಾವೆ ಹೂಡುತ್ತಾನೆ ಅಥವಾ ಹೂಡುವುದಾಗಿ ನೋಟಿಸು ಕೊಡುತ್ತಾನೆ. ಆಸ್ಪತ್ರೆಯ ವಿಮಾ ಕಂಪನಿ ಲೆಕ್ಕ ಹಾಕುತ್ತದೆ. ತಿಂಗಳುಗಟ್ಟಲೆ ಚೌಕಾಸಿ ನಡೆದು ಒಂದು ಮೊತ್ತಕ್ಕೆ ಎರಡೂ ಕಡೆಯವರು ಒಪ್ಪುತ್ತಾರೆ. ಆ ಹೊತ್ತಿಗೆ ಕುಟುಂಬ ಬಳಲಿ ಬೆಂಡಾಗಿರುತ್ತದೆ, ಆಸ್ಪತ್ರೆಯ ಬಿಲ್ಲುಗಳು ಬಾಕಿ ಇರುತ್ತವೆ. ಆಮೇಲೆ ಎದುರು ಪಕ್ಷದ ವಕೀಲರ ಕಚೇರಿಯಿಂದ, ಮುಂದೆ ಯಾವ ತಕರಾರೂ ಇಲ್ಲವೆಂದು ಬರೆದುಕೊಡುವ ಬಿಡುಗಡೆ ಪತ್ರ ಬರುತ್ತದೆ. ಗೋಪ್ಯತೆಯ ಷರತ್ತು ಬಹಳ ಸಲ ಮೊದಲು ಕಾಣಿಸಿಕೊಳ್ಳುವುದೇ ಆ ಕಾಗದದಲ್ಲಿ. ಹಣ ಕೈಗೆ ಬರುವುದಕ್ಕೆ ಒಂದು ಸಹಿಯಷ್ಟೇ ಉಳಿದಿರುವಾಗ ಒಂದು ಪ್ಯಾರಾವನ್ನು ಹಿಡಿದು ಜಗ್ಗಾಡಲು ಯಾರಿಗೆ ಮನಸ್ಸು ಬರುತ್ತದೆ?

ಅದರಲ್ಲಿ ಏನು ಬರೆದಿರುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಟೆಕ್ಸಾಸ್ ವಿಶ್ವವಿದ್ಯಾಲಯ ವ್ಯವಸ್ಥೆಯ ವೈದ್ಯಕೀಯ ಕಾಲೇಜುಗಳು ಮಾಡಿಕೊಂಡ ರಾಜಿಗಳನ್ನು ವಿಲಿಯಂ ಸೇಜ್ ಮತ್ತು ಸಂಗಡಿಗರು ಪರಿಶೀಲಿಸಿ, 2015ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ನಿಯತಕಾಲಿಕದಲ್ಲಿ ವರದಿ ಮಾಡಿದರು. ಅವರು ನೋಡಿದ 124 ಪ್ರಕರಣಗಳಲ್ಲಿ 110ರ ರಾಜಿ ಪತ್ರದಲ್ಲಿ ಬಾಯಿ ಬಿಡಬಾರದೆಂಬ ಷರತ್ತಿತ್ತು. ಈ 110ರಲ್ಲಿ ಎಲ್ಲವೂ ಮೊತ್ತ ಮತ್ತು ಕರಾರುಗಳನ್ನು ಹೇಳಬಾರದು ಎಂದವು. 61 ಪತ್ರಗಳು ರಾಜಿ ಆಯಿತೆಂಬುದನ್ನೇ ಹೇಳಬಾರದು ಎಂದವು. 51 ಪತ್ರಗಳು ಏನು ನಡೆಯಿತು ಎಂಬ ಸಂಗತಿಗೇ ಬೀಗ ಹಾಕಿದವು. 29 ಪತ್ರಗಳು ಇನ್ನೂ ಮುಂದೆ ಹೋಗಿ, ನಿಯಂತ್ರಣ ಸಂಸ್ಥೆಗಳಿಗೆ ದೂರು ಕೊಡಬಾರದು ಎಂದವು. ವೈದ್ಯರಿಗೂ ಆಸ್ಪತ್ರೆಗೂ ಇದೇ ಕಟ್ಟು ಹಾಕಿದ್ದು ಹತ್ತರಲ್ಲಿ ಮಾತ್ರ, ಉಳಿದೆಡೆ ಕಟ್ಟು ಬಿದ್ದದ್ದು ರೋಗಿಯ ಕಡೆಗಷ್ಟೇ. ಇವು ಸಾರ್ವಜನಿಕ ವಿಶ್ವವಿದ್ಯಾಲಯದ ಆಸ್ಪತ್ರೆಗಳು ಎಂಬುದನ್ನು ನೆನಪಿಡಬೇಕು.

ಈ ನಾಲ್ಕು ಬಗೆಯ ಬೀಗಗಳನ್ನು ಬೇರೆ ಬೇರೆಯಾಗಿ ನೋಡದಿದ್ದರೆ ಚರ್ಚೆ ಹಳಿ ತಪ್ಪುತ್ತದೆ. ಮೊತ್ತದ ಗೋಪ್ಯತೆಗೆ ನನ್ನ ವಿರೋಧವಿಲ್ಲ. ಮಗುವನ್ನು ಕಳೆದುಕೊಂಡ ತಾಯಿಗೆ ಎಷ್ಟು ಸಿಕ್ಕಿತು ಎಂದು ನೆಂಟರೂ ನೆರೆಯವರೂ ಸಾಲ ಕೇಳುವವರೂ ತಿಳಿಯಬೇಕಾದ ಅಗತ್ಯವಿಲ್ಲ. ಅವಳೇ ಅದನ್ನು ಬಚ್ಚಿಡಲು ಬಯಸಬಹುದು. ಒಂದು ಕೇಸಿಗೆ ಕೊಟ್ಟ ಮೊತ್ತ ಮುಂದಿನ ಕೇಸಿಗೆ ದರಪಟ್ಟಿ ಆಗಬಾರದೆಂಬ ವಿಮಾ ಕಂಪನಿಯ ಅಳುಕನ್ನೂ ಅರ್ಥ ಮಾಡಿಕೊಳ್ಳಬಹುದು. ಚಿಕಿತ್ಸೆ ಕೊಟ್ಟ ವೈದ್ಯೆ ನಿಜಕ್ಕೂ ತಪ್ಪು ಮಾಡಿರದೆ, ವಿಚಾರಣೆಯ ಖರ್ಚಿಗೆ ಹೆದರಿ ವಿಮಾ ಕಂಪನಿ ಹಣ ಕೊಟ್ಟಿರಬಹುದು. ಆಕೆಯ ಹೆಸರು ಪತ್ರಿಕೆಯಲ್ಲಿ ಬಾರದಿರಲಿ ಎಂಬ ಆಸೆಯೂ ಸಹಜ. ಆದರೆ ರೋಗಿಯ ದೇಹಕ್ಕೆ ಏನಾಯಿತು ಎಂಬುದು ರೋಗಿಯ ಸ್ವಂತ ಬದುಕಿನ ಕಥೆ. ಅದನ್ನು ಕೊಂಡುಕೊಳ್ಳಲು ಯಾರಿಗೂ ಅವಕಾಶವಿರಬಾರದು. ವೈದ್ಯ ಮಂಡಳಿಗೆ ದೂರು ಕೊಡುವುದನ್ನು ತಡೆಯುವ ಸಾಲಿಗಂತೂ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ. ಅಂಥ ಸಾಲನ್ನು ಬರೆಯುವ ವಕೀಲ, ಅದನ್ನು ಕಕ್ಷಿದಾರರ ಮುಂದಿಟ್ಟು ಸಹಿ ಹಾಕಿಸುವ ವಕೀಲ, ಇಬ್ಬರೂ ತಮ್ಮ ವೃತ್ತಿಗೆ ತಪ್ಪಿ ನಡೆಯುತ್ತಾರೆ ಎಂದೇ ನಾನು ಹೇಳುತ್ತೇನೆ.

ರೋಗಿಯ ಪರ ವಕೀಲನ ಇಕ್ಕಟ್ಟು ಮಾತ್ರ ನಿಜವಾದದ್ದು. ಅಮೆರಿಕದಲ್ಲಿ ಇಂಥ ಕೇಸುಗಳಲ್ಲಿ ವಕೀಲರು ಮುಂಗಡ ಫೀಸು ಪಡೆಯುವುದಿಲ್ಲ. ಗೆದ್ದರೆ, ರಾಜಿಯಾದರೆ, ಬಂದ ಹಣದಲ್ಲಿ ಪಾಲು. ಅದು ಮೂರನೇ ಒಂದರ ಆಸುಪಾಸು ಇರುವುದು ವಾಡಿಕೆ. ತಜ್ಞ ವೈದ್ಯರ ಅಭಿಪ್ರಾಯಕ್ಕೆ, ದಾಖಲೆಗಳಿಗೆ ಅಲ್ಲಿಯವರೆಗೆ ಸ್ವಂತ ಕೈಯಿಂದ ಸುರಿದಿರುತ್ತಾರೆ. ರಾಜಿ ಮುರಿದುಬಿದ್ದರೆ ಕಕ್ಷಿದಾರರಿಗಾಗುವಂತೆ ವಕೀಲರಿಗೂ ನಷ್ಟವಾಗುತ್ತದೆ. ಇನ್ನೊಂದು ಕಡೆ, ರಾಜಿಗೆ ಒಪ್ಪುವ ಬಿಡುವ ತೀರ್ಮಾನ ಸಂಪೂರ್ಣವಾಗಿ ಕಕ್ಷಿದಾರರದು ಎಂಬುದು ಅಮೆರಿಕದ ವಕೀಲರ ಸಂಘ ರೂಪಿಸಿದ ಮಾದರಿ ನಿಯಮಗಳ ಮೊದಲ ಪಾಠ. ವಿಧವೆಯೊಬ್ಬಳು ಹಣ ಸಾಕು, ಮಾತಾಡುವುದಿಲ್ಲ ಎಂದರೆ, ಸಮಾಜದ ಹಿತಕ್ಕಾಗಿ ನೀನು ಹಣ ಬಿಡು ಎಂದು ವಕೀಲ ಅವಳಿಗೆ ಹೇಳುವಂತಿಲ್ಲ. ಅವನು ಪ್ರತಿನಿಧಿಸುವುದು ಅವಳನ್ನು. ಮುಂದಿನ ವರ್ಷ ಅದೇ ಟೇಬಲ್ಲಿನ ಮೇಲೆ ಮಲಗಲಿರುವ ರೋಗಿಗೆ ಆ ಕೋಣೆಯಲ್ಲಿ ವಕೀಲರಿಲ್ಲ.

ಹಾಗೆಂದು ಕಕ್ಷಿದಾರರು ಒಪ್ಪಿದರೆ ಏನು ಬೇಕಾದರೂ ಬರೆಯಬಹುದು ಎಂದಲ್ಲ. ವಕೀಲರಿಗೆ ಗೆರೆ ಎಳೆದಿದ್ದಾರೆ. ಮಾದರಿ ನಿಯಮ 5.6ರ ಎರಡನೇ ಭಾಗ ಹೇಳುವುದಿಷ್ಟು: ಒಂದು ರಾಜಿಯ ಭಾಗವಾಗಿ ವಕೀಲನ ಮುಂದಿನ ವೃತ್ತಿಗೆ ನಿರ್ಬಂಧ ಹಾಕುವ ಒಪ್ಪಂದವನ್ನು ಯಾವ ವಕೀಲನೂ ಮುಂದಿಡಬಾರದು, ಒಪ್ಪಲೂಬಾರದು. ಈ ಆಸ್ಪತ್ರೆಯ ಮೇಲೆ ಇನ್ನೆಂದೂ ಕೇಸು ಹಾಕುವುದಿಲ್ಲ ಎಂದು ರೋಗಿಯ ವಕೀಲ ಬರೆದುಕೊಟ್ಟರೆ ಅವನೂ ತಪ್ಪಿತಸ್ಥ, ಬರೆಸಿಕೊಂಡ ಆಸ್ಪತ್ರೆಯ ವಕೀಲನೂ ತಪ್ಪಿತಸ್ಥ. 2000ದಲ್ಲಿ ಅದೇ ಸಂಘ ಕೊಟ್ಟ ಅಭಿಪ್ರಾಯವೊಂದು ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ರಾಜಿಯ ವಿವರವನ್ನು ಹೊರಗೆ ಹೇಳುವುದಿಲ್ಲ ಎಂದು ವಕೀಲ ಒಪ್ಪಬಹುದು, ಆದರೆ ಆ ಕೇಸಿನಲ್ಲಿ ಕಲಿತದ್ದನ್ನು ಮುಂದೆ ಇನ್ನೊಬ್ಬ ಕಕ್ಷಿದಾರರ ಪರವಾಗಿ ಬಳಸುವುದಿಲ್ಲ ಎಂದು ಒಪ್ಪುವಂತಿಲ್ಲ. ಒಂದು ಆಸ್ಪತ್ರೆಯ ಅರಿವಳಿಕೆ ಯಂತ್ರದ ಅಲಾರಾಂ ಆಫ್ ಮಾಡಿಟ್ಟಿರುತ್ತಾರೆ ಎಂದು ಒಬ್ಬ ವಕೀಲೆಗೆ ಒಂದು ಕೇಸಿನಿಂದ ತಿಳಿದಿದೆ ಎನ್ನೋಣ. ಎರಡನೇ ಕುಟುಂಬ ಬಾಗಿಲು ತಟ್ಟಿದಾಗ ಯಾವ ದಾಖಲೆ ಕೇಳಬೇಕು ಎಂದು ಆಕೆಗೆ ಗೊತ್ತಿರುತ್ತದೆ. ಆ ತಿಳಿವಳಿಕೆಯನ್ನು ರಾಜಿ ಪತ್ರ ಕಿತ್ತುಕೊಳ್ಳಲಾಗದು. 2006ರಲ್ಲಿ ವಾಷಿಂಗ್ಟನ್ ಡಿ.ಸಿ.ಯ ವಕೀಲರ ಪರಿಷತ್ತು ಇನ್ನೊಂದು ಹೆಜ್ಜೆ ಇಟ್ಟಿತು: ಕೋರ್ಟಿನ ಕಡತದಲ್ಲಿ ಈಗಾಗಲೇ ಎಲ್ಲರಿಗೂ ಸಿಗುವ ಮಾಹಿತಿಯನ್ನು ಕೂಡ ವಕೀಲ ಹೇಳಬಾರದೆಂದು ಕಟ್ಟಿಹಾಕುವ ಷರತ್ತು ಈ ನಿಯಮಕ್ಕೆ ವಿರುದ್ಧ.

ಗೆರೆ ದಾಟಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಪತ್ರೆಗಳಿಂದ ಆಚೆಗಿನ ಪ್ರಕರಣವೊಂದನ್ನು ಹೇಳಬೇಕು, ಏಕೆಂದರೆ ನಿಯಮ ಒಂದೇ. ಡ್ಯೂಪಾಂಟ್ ಕಂಪನಿಯ ಬೆನ್‌ಲೇಟ್ ಎಂಬ ಶಿಲೀಂಧ್ರನಾಶಕದಿಂದ ಬೆಳೆ ಹಾಳಾಯಿತೆಂದು ಫ್ಲಾರಿಡಾದ ಇಪ್ಪತ್ತು ಬೆಳೆಗಾರರು ದಾವೆ ಹೂಡಿದ್ದರು. 1996ರಲ್ಲಿ 5.9 ಕೋಟಿ ಡಾಲರಿಗೆ ರಾಜಿಯಾಯಿತು. ಅದೇ ಹೊತ್ತಿಗೆ ಬೆಳೆಗಾರರ ವಕೀಲರ ಸಂಸ್ಥೆಯನ್ನು ಡ್ಯೂಪಾಂಟ್ ಪ್ರತ್ಯೇಕವಾಗಿ 64 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ತನ್ನ ಕೆಲಸಕ್ಕೆ ನೇಮಿಸಿಕೊಂಡಿತು. ತಮ್ಮ ಪರವಾಗಿ ಹೋರಾಡಿದ ವಕೀಲರು ಎದುರಾಳಿಯಿಂದ ಹಣ ಪಡೆದದ್ದು ಬೆಳೆಗಾರರಿಗೆ ಗೊತ್ತೇ ಇರಲಿಲ್ಲ. ಇನ್ನು ಮುಂದೆ ಡ್ಯೂಪಾಂಟ್ ಮೇಲೆ ಆ ವಕೀಲರು ಕೇಸು ಹಾಕಬಾರದು ಎಂಬುದೇ ಆ ಹಣದ ಉದ್ದೇಶ. 2007ರಲ್ಲಿ ಫ್ಲಾರಿಡಾದ ಸುಪ್ರೀಂ ಕೋರ್ಟು ಒಬ್ಬ ವಕೀಲರ ಪರವಾನಗಿಯನ್ನು ಎರಡು ವರ್ಷ ಅಮಾನತಿನಲ್ಲಿಟ್ಟಿತು, ಇನ್ನೊಬ್ಬರ ಹೆಸರನ್ನು ವಕೀಲರ ಪಟ್ಟಿಯಿಂದಲೇ ತೆಗೆಯಿತು.

ಇಲಿನಾಯ್‌ನ ಹಿಮ್ಮೆಲ್ ಪ್ರಕರಣ ಇದಕ್ಕಿಂತ ಸೂಕ್ಷ್ಮವಾದದ್ದು. ಮೋಟಾರ್ ಸೈಕಲ್ ಅಪಘಾತವೊಂದರಲ್ಲಿ ಗಾಯಗೊಂಡ ಯುವತಿಗೆ ಬಂದ 35,000 ಡಾಲರ್ ಪರಿಹಾರದಲ್ಲಿ ಅವಳ ಪಾಲಿನ 23,000 ಡಾಲರಿಗೂ ಹೆಚ್ಚನ್ನು ಅವಳ ಮೊದಲ ವಕೀಲ ನುಂಗಿದ್ದ. ಅದನ್ನು ವಸೂಲಿ ಮಾಡಿಕೊಡಲು ಅವಳು ಎರಡನೇ ವಕೀಲ ಹಿಮ್ಮೆಲ್ ಅವರನ್ನು ಹಿಡಿದಳು. ಅವರು ಚೌಕಾಸಿ ಮಾಡಿ, ಮೊದಲ ವಕೀಲ 75,000 ಡಾಲರ್ ಕೊಡುವುದೆಂದೂ, ಪ್ರತಿಯಾಗಿ ಅವನ ಮೇಲೆ ಪೊಲೀಸರಿಗಾಗಲಿ ಶಿಸ್ತು ಸಮಿತಿಗಾಗಲಿ ದೂರು ಕೊಡುವುದಿಲ್ಲವೆಂದೂ ಒಪ್ಪಂದ ಮಾಡಿಸಿದರು. ಕಕ್ಷಿದಾರಳಿಗೆ ಬೇಕಿದ್ದದ್ದೂ ಹಣವೇ. ಹಿಮ್ಮೆಲ್ ಇದರಲ್ಲಿ ಸ್ವಂತಕ್ಕೆ ಫೀಸು ಕೂಡ ಗಳಿಸಲಿಲ್ಲ. ಆದರೂ 1988ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟು ಅವರನ್ನು ಒಂದು ವರ್ಷ ಅಮಾನತು ಮಾಡಿತು. ಸಹೋದ್ಯೋಗಿಯ ಅಪರಾಧವನ್ನು ಶಿಸ್ತು ಸಮಿತಿಗೆ ತಿಳಿಸುವುದು ವಕೀಲನ ಕರ್ತವ್ಯ, ಅದನ್ನು ಕಕ್ಷಿದಾರಳ ಇಚ್ಛೆಯ ಹೆಸರಿನಲ್ಲಿ ಮಾರುವಂತಿಲ್ಲ ಎಂಬುದು ತೀರ್ಪಿನ ತಿರುಳು. ವಕೀಲರ ತಪ್ಪಿನ ವಿಷಯದಲ್ಲಿ ಇಷ್ಟು ಬಿಗಿಯಾಗಿರುವ ವೃತ್ತಿ, ವೈದ್ಯರ ತಪ್ಪನ್ನು ಮಂಡಳಿಗೆ ಹೇಳದಂತೆ ತಡೆಯುವ ಕಾಗದವನ್ನು ತನ್ನ ಕೈಯಿಂದಲೇ ಬರೆಯುತ್ತದೆ ಎಂಬುದು ನನಗೆ ಸರಿಕಾಣುವುದಿಲ್ಲ.

ಇನ್ನು ಮೌನಕ್ಕೆ ಬೆಲೆ ಕೇಳುವ ವಿಚಾರ. ಆಸ್ಪತ್ರೆಯೇ ಮುಂದೆ ಬಂದು, ಮಾತಾಡದಿದ್ದರೆ ಇಷ್ಟು ಕೊಡುತ್ತೇವೆ ಎಂದರೆ ಅದು ರಾಜಿ. ರೋಗಿಯ ವಕೀಲ ಮುಂದೆ ಹೋಗಿ, ಇಷ್ಟು ಕೊಡದಿದ್ದರೆ ಮಾಧ್ಯಮಕ್ಕೆ ಹೋಗುತ್ತೇವೆ ಎಂದರೆ ಅದು ಸುಲಿಗೆಯ ಕಡೆಗೆ ವಾಲುತ್ತದೆ. ರಿವರ್‌ಡ್ಯಾನ್ಸ್ ಖ್ಯಾತಿಯ ನೃತ್ಯಪಟು ಮೈಕೆಲ್ ಫ್ಲಾಟ್ಲಿ ಅವರಿಗೆ ಒಬ್ಬ ವಕೀಲ ಬರೆದ ಪತ್ರದಲ್ಲಿ, ಹಣ ಕೊಡದಿದ್ದರೆ ಅತ್ಯಾಚಾರದ ಆರೋಪವನ್ನು ಜಗತ್ತಿಗೆಲ್ಲ ಸಾರುವುದಾಗಿಯೂ, ಬೇರೆ ಅಪರಾಧಗಳನ್ನು ಅಧಿಕಾರಿಗಳಿಗೆ ತಿಳಿಸುವುದಾಗಿಯೂ ಬೆದರಿಕೆ ಇತ್ತು. 2006ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಆ ಪತ್ರವನ್ನು ಕಾನೂನಿನ ದೃಷ್ಟಿಯಲ್ಲಿ ಸುಲಿಗೆ ಎಂದೇ ಕರೆಯಿತು. ಒಂದೇ ಮೌನ, ಒಂದೇ ಹಣ. ಮೊದಲು ಬಾಯಿ ತೆರೆದವರು ಯಾರು ಎಂಬುದರ ಮೇಲೆ ಒಂದು ಗೌರವದ ವ್ಯವಹಾರವಾಗುತ್ತದೆ, ಇನ್ನೊಂದು ಅಪರಾಧವಾಗುತ್ತದೆ. ಅನುಭವಸ್ಥ ವಕೀಲರು ಇಂಥ ಕಾಗದಗಳಲ್ಲಿ ಒಂದೊಂದು ಪದವನ್ನೂ ತೂಗಿ ಬರೆಯುವುದು ಇದೇ ಕಾರಣಕ್ಕೆ.

ಕಾನೂನು ಈ ಮೌನವನ್ನು ಮುರಿಯಲು ಯತ್ನಿಸಿಲ್ಲವೆಂದಲ್ಲ. ದೊಡ್ಡ ಪ್ರಯತ್ನ ನಡೆದದ್ದು 1986ರ ಒಂದು ಕೇಂದ್ರ ಕಾಯ್ದೆಯ ಮೂಲಕ. ಅದರಿಂದ ಹುಟ್ಟಿದ ನ್ಯಾಷನಲ್ ಪ್ರಾಕ್ಟಿಷನರ್ ಡೇಟಾ ಬ್ಯಾಂಕ್ 1990ರ ಸೆಪ್ಟೆಂಬರಿನಲ್ಲಿ ಕೆಲಸ ಶುರು ಮಾಡಿತು. ವೈದ್ಯರೊಬ್ಬರ ಪರವಾಗಿ ನಿರ್ಲಕ್ಷ್ಯದ ಪರಿಹಾರ ಕೊಟ್ಟ ವಿಮಾ ಕಂಪನಿ ಅಥವಾ ಆಸ್ಪತ್ರೆ 30 ದಿನದೊಳಗೆ ಅದನ್ನು ಇಲ್ಲಿಗೆ ವರದಿ ಮಾಡಬೇಕು. ಗೋಪ್ಯತೆಯ ಷರತ್ತು ಇದ್ದರೂ ಬಿಡುವಂತಿಲ್ಲ. ಹೊಸ ವೈದ್ಯರನ್ನು ಸೇರಿಸಿಕೊಳ್ಳುವಾಗ, ಆಮೇಲೆ ಎರಡು ವರ್ಷಕ್ಕೊಮ್ಮೆ, ಆಸ್ಪತ್ರೆಗಳು ಈ ದಾಖಲೆಯನ್ನು ನೋಡಲೇಬೇಕು. ವೈದ್ಯರೊಬ್ಬರು ಒಂದು ರಾಜ್ಯದಲ್ಲಿ ಎಡವಟ್ಟು ಮಾಡಿ ಇನ್ನೊಂದು ರಾಜ್ಯಕ್ಕೆ ಸದ್ದಿಲ್ಲದೆ ಹೋಗಿ ನೆಲೆಸುವುದನ್ನು ತಪ್ಪಿಸುವುದು ಉದ್ದೇಶವಾಗಿತ್ತು.

ಆದರೆ ಈ ದಾಖಲೆ ಸಾರ್ವಜನಿಕರಿಗೆ ತೆರೆದಿಲ್ಲ. ರೋಗಿ ತನ್ನ ಶಸ್ತ್ರಚಿಕಿತ್ಸಕರ ಹೆಸರು ಹಾಕಿ ನೋಡಲಾರ. ಜೊತೆಗೆ, ವರದಿಯಾಗುವುದು ಒಬ್ಬ ವೈದ್ಯರ ಹೆಸರಿನಲ್ಲಿ ಹಣ ಕೊಟ್ಟಾಗ ಮಾತ್ರ. ಹಾಗಾಗಿ ರಾಜಿಗೆ ಸ್ವಲ್ಪ ಮುಂಚೆ ವೈದ್ಯರ ಹೆಸರನ್ನು ದಾವೆಯಿಂದ ಕೈಬಿಡಿಸಿ, ಆಸ್ಪತ್ರೆಯೊಂದೇ ಪ್ರತಿವಾದಿಯಾಗಿ ಉಳಿಯುವಂತೆ ಮಾಡಿ, ಆಸ್ಪತ್ರೆಯ ಹೆಸರಿನಲ್ಲಿ ಹಣ ಕೊಡುವ ದಾರಿ ಹುಟ್ಟಿಕೊಂಡಿತು. ವೈದ್ಯರು ಸ್ವಂತ ಜೇಬಿನಿಂದ ಕೊಟ್ಟರೆ ವರದಿ ಬೇಕಿಲ್ಲ ಎಂದು 1993ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯವೂ ಹೇಳಿತು. ಹೆಸರು ಕೈಬಿಡುವ ಕೋರಿಕೆ ಬಂದಾಗ ರೋಗಿಯ ವಕೀಲನಿಗೆ ಅದರ ಅರ್ಥ ಚೆನ್ನಾಗಿ ಗೊತ್ತಿರುತ್ತದೆ. ಕಕ್ಷಿದಾರರಿಗೆ ಗೊತ್ತಿರುವುದಿಲ್ಲ. ಮೊತ್ತ ಅಷ್ಟೇ ಸಿಗುತ್ತದೆ, ಕಾಗದದಲ್ಲಿ ಒಂದು ಹೆಸರು ಕಡಿಮೆಯಾಗುತ್ತದೆ ಅಷ್ಟೇ ಎಂದು ಅವರಿಗೆ ಹೇಳಿ ಮುಗಿಸುವುದು ವಂಚನೆಗೆ ಸಮೀಪದ ನಡತೆ. ಈ ಹೆಸರು ಹೋದರೆ ಡೇಟಾ ಬ್ಯಾಂಕಿನಲ್ಲಿ ಆ ವೈದ್ಯರ ಮೇಲೆ ದಾಖಲೆ ಉಳಿಯುವುದಿಲ್ಲ, ನಿಮಗೆ ಒಪ್ಪಿಗೆಯೇ ಎಂದು ಕೇಳಿದ ಮೇಲೆಯೇ ಒಪ್ಪಿಗೆ ಒಪ್ಪಿಗೆಯಾದೀತು.

ರಾಜ್ಯಗಳ ಪೈಕಿ ಫ್ಲಾರಿಡಾ 1990ರಲ್ಲಿಯೇ ಕಾಯ್ದೆ ಮಾಡಿತು. ಜನರಿಗೆ ಅಪಾಯ ಒಡ್ಡಿದ ಮತ್ತು ಮುಂದೆಯೂ ಒಡ್ಡಬಹುದಾದ ವಸ್ತು, ವಿಧಾನ ಅಥವಾ ವ್ಯಕ್ತಿಯ ಮಾಹಿತಿಯನ್ನು ಮುಚ್ಚಿಡುವ ಒಪ್ಪಂದ ಅಲ್ಲಿ ಊರ್ಜಿತವಲ್ಲ. ಕ್ಯಾಲಿಫೋರ್ನಿಯಾದಲ್ಲಿ ವೈದ್ಯ ಮಂಡಳಿಗೆ ದೂರು ಕೊಡದಂತೆ, ಅಥವಾ ಮಂಡಳಿಯ ತನಿಖೆಗೆ ಸಹಕರಿಸದಂತೆ ತಡೆಯುವ ಸಾಲನ್ನು ರಾಜಿಯಲ್ಲಿ ಸೇರಿಸುವ ವೈದ್ಯರ ಮೇಲೆಯೇ ಶಿಸ್ತು ಕ್ರಮವಾಗುತ್ತದೆ. ದಕ್ಷಿಣ ಕ್ಯಾರೊಲೈನಾದ ಕೇಂದ್ರ ಜಿಲ್ಲಾ ನ್ಯಾಯಾಲಯದ ನ್ಯಾಯಾಧೀಶರು 2002ರಲ್ಲಿ, ಮುಖ್ಯ ನ್ಯಾಯಾಧೀಶ ಜೋಸೆಫ್ ಆಂಡರ್ಸನ್ ಅವರ ಮುಂದಾಳತ್ವದಲ್ಲಿ, ತಮ್ಮ ಕೋರ್ಟಿನಲ್ಲಿ ಸಲ್ಲಿಸಿದ ಯಾವ ರಾಜಿಯನ್ನೂ ಮುದ್ರೆ ಹಾಕಿ ಮುಚ್ಚುವುದಿಲ್ಲ ಎಂದು ನಿಯಮ ಮಾಡಿದರು. ಈ ನಿಯಮದ ಮಿತಿ ಅದರ ಮಾತಿನಲ್ಲೇ ಇದೆ: ಬಹಳಷ್ಟು ರಾಜಿಗಳು ಕೋರ್ಟಿಗೆ ಸಲ್ಲಿಕೆಯಾಗುವುದೇ ಇಲ್ಲ. ಆದರೆ ಅಪ್ರಾಪ್ತ ವಯಸ್ಕರ ಪಾಲು ಇದ್ದಾಗ ಕೋರ್ಟಿನ ಒಪ್ಪಿಗೆ ಬೇಕಾಗುವುದು ಸಾಮಾನ್ಯ. ಆರ್ಮ್‌ಸ್ಟ್ರಾಂಗ್ ರಾಜಿಯಲ್ಲಿ ಮೊಮ್ಮಕ್ಕಳ ಪಾಲಿತ್ತು. ಕಾಗದಪತ್ರಗಳು ಓಹಿಯೋದ ಹ್ಯಾಮಿಲ್ಟನ್ ಕೌಂಟಿಯ ಕೋರ್ಟಿಗೆ ಹೋದವು. ಮುದ್ರೆಯಡಿ ಸಲ್ಲಿಕೆ ಎಂದು ಬರೆದಿದ್ದ ಕೆಲವು ಪುಟಗಳು ಕೋರ್ಟಿನ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇದ್ದವು.

ಸಹಿ ಹಾಕಿದವರ ಮೇಲೆ ಈ ಷರತ್ತು ಬೀಳುವ ಬಗೆಯನ್ನು ಹೇಳಬೇಕು. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು, ಮಕ್ಕಳ ಮನೆಗೆ ಹೋಗಿ ಅಲ್ಲೇ ಆಸ್ಪತ್ರೆ ಸೇರುವ ಅಪ್ಪ ಅಮ್ಮಂದಿರು ಈಗ ಕಡಿಮೆಯಿಲ್ಲ. ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಗಂಡ ಅಥವಾ ಹೆಂಡತಿ, ವಕೀಲ, ತೆರಿಗೆ ಸಲಹೆಗಾರ, ಚಿಕಿತ್ಸೆ ಕೊಡುವ ವೈದ್ಯ ಇಷ್ಟು ಜನರಿಗೆ ಹೇಳಲು ವಿನಾಯಿತಿ ಇರುತ್ತದೆ. ಮಂಡ್ಯದಲ್ಲಿರುವ ಅಣ್ಣನಿಗೆ ಇರುವುದಿಲ್ಲ. 2014ರಲ್ಲಿ ಫ್ಲಾರಿಡಾದ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದ ಪ್ರಕರಣ ನೋಡಿ. ಅದು ಕೆಲಸ ಕಳೆದುಕೊಂಡ ಶಾಲಾ ಮುಖ್ಯಸ್ಥರೊಬ್ಬರ ರಾಜಿ, ವೈದ್ಯಕೀಯದ್ದಲ್ಲ. ಕೇಸು ಇತ್ಯರ್ಥವಾಯಿತು, ಫಲಿತಾಂಶ ಸಂತೋಷ ತಂದಿದೆ ಎಂದು ಅವರು ಮಗಳಿಗೆ ಹೇಳಿದರು. ಮಗಳು ಅದನ್ನು ಅಪ್ಪ ಅಮ್ಮ ಕೇಸು ಗೆದ್ದರೆಂದು ಫೇಸ್‌ಬುಕ್‌ನಲ್ಲಿ ಹಾಕಿದಳು. ಬರಬೇಕಿದ್ದ 80,000 ಡಾಲರ್ ಕೈತಪ್ಪಿತು, ಮಗಳಿಗೆ ಹೇಳಿದ್ದೇ ಷರತ್ತಿನ ಉಲ್ಲಂಘನೆ ಎಂದಿತು ಕೋರ್ಟು. ನಮ್ಮ ಮನೆಗಳಲ್ಲಿ ಒಬ್ಬರ ಸಾವಿನ ಬಗ್ಗೆ ಹತ್ತು ಜನ ಕೂತು ಮಾತಾಡದೆ ದುಃಖ ಇಳಿಯುವುದಿಲ್ಲ. ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ಒಂದು ಸಾಲು ಪರಿಹಾರವನ್ನೇ ಅಪಾಯಕ್ಕೆ ಒಡ್ಡಬಹುದು ಎಂಬುದನ್ನು ಸಹಿಗೆ ಮೊದಲು ಬಿಡಿಸಿ ಹೇಳುವುದು ವಕೀಲನ ಕೆಲಸ.

ತೆರಿಗೆಯ ಪೆಟ್ಟು ಇನ್ನೊಂದು. ದೈಹಿಕ ಗಾಯಕ್ಕೆ ಸಿಕ್ಕ ಪರಿಹಾರಕ್ಕೆ ಅಮೆರಿಕದಲ್ಲಿ ಆದಾಯ ತೆರಿಗೆ ಇಲ್ಲ. ಆದರೆ ಮೌನಕ್ಕೆ ಸಿಕ್ಕ ಹಣ? 1997ರ ಜನವರಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಡೆನಿಸ್ ರಾಡ್‌ಮನ್ ಆಟದ ನಡುವೆ ಅಂಕಣದ ಪಕ್ಕದಲ್ಲಿದ್ದ ಕ್ಯಾಮೆರಾಮನ್ ಒಬ್ಬರಿಗೆ ಒದ್ದರು. ಎರಡು ಲಕ್ಷ ಡಾಲರಿಗೆ ರಾಜಿಯಾಯಿತು, ಪತ್ರದಲ್ಲಿ ಗೋಪ್ಯತೆಯ ಷರತ್ತೂ ಇತ್ತು. 2003ರಲ್ಲಿ ತೆರಿಗೆ ನ್ಯಾಯಾಲಯ ಆ ಹಣವನ್ನು ಎರಡು ಪಾಲು ಮಾಡಿತು: 1,20,000 ಡಾಲರ್ ಗಾಯಕ್ಕೆ, ಅದಕ್ಕೆ ತೆರಿಗೆ ಇಲ್ಲ, 80,000 ಡಾಲರ್ ಬಾಯಿ ಮುಚ್ಚಿಕೊಂಡದ್ದಕ್ಕೆ, ಅದಕ್ಕೆ ತೆರಿಗೆ ಕಟ್ಟಬೇಕು. ಅಂದಿನಿಂದ ಎಚ್ಚರದ ವಕೀಲರು ಮೌನಕ್ಕೆ ಪ್ರತ್ಯೇಕ ಹಣವಿಲ್ಲ, ಷರತ್ತು ಎರಡೂ ಕಡೆಯವರಿಗೂ ಸಮ ಎಂದು ಪತ್ರದಲ್ಲೇ ಬರೆಸುತ್ತಾರೆ. ಇದಕ್ಕಿಂತ ಒಳ್ಳೆಯ ರೂಢಿ, ಮಾತುಕತೆಯ ಮೊದಲ ದಿನವೇ ಕಾಗದದಲ್ಲಿ ಹೇಳಿಬಿಡುವುದು: ಮೊತ್ತವನ್ನು ಬೇಕಾದರೆ ಗುಟ್ಟಾಗಿಡುತ್ತೇವೆ, ನಡೆದ ಸಂಗತಿಯನ್ನು ಇಡುವುದಿಲ್ಲ, ಮಂಡಳಿಗೆ ದೂರು ಕೊಡುವ ಹಕ್ಕು ಮಾತುಕತೆಯ ವಸ್ತುವೇ ಅಲ್ಲ. ಕೊನೆಯ ದಿನ ಹೇಳಿದರೆ ಜಗಳವಾಗುವ ಮಾತು ಮೊದಲ ದಿನ ಹೇಳಿದರೆ ಕರಾರಾಗುತ್ತದೆ.

ನಮ್ಮಲ್ಲಿ ಹೇಗಿದೆ? ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದ ಮೇಲೆ ನಿರ್ಲಕ್ಷ್ಯದ ದೂರುಗಳಿಗೆ ಗ್ರಾಹಕ ವೇದಿಕೆಗಳ ದಾರಿ ಖಚಿತವಾಯಿತು. ಬಂದ ಪರಿಹಾರದಲ್ಲಿ ಪಾಲು ಪಡೆಯುವ ಫೀಸಿನ ಪದ್ಧತಿಯನ್ನು ಭಾರತದ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಆ ಮಟ್ಟಿಗೆ ನಮ್ಮ ವಕೀಲರ ಮೇಲೆ ರಾಜಿಯ ಒತ್ತಡ ಬೇರೆ ಬಗೆಯದು. ನನಗೆ ತುಂಬ ಸಮಾಧಾನ ಕೊಟ್ಟದ್ದು 2020ರ ಗ್ರಾಹಕ ಸಂರಕ್ಷಣಾ ಮಧ್ಯಸ್ಥಿಕೆ ನಿಯಮಗಳ ನಾಲ್ಕನೇ ನಿಯಮ. ಸಾವು ಅಥವಾ ಗಂಭೀರ ಗಾಯಕ್ಕೆ ಕಾರಣವಾದ ವೈದ್ಯಕೀಯ ನಿರ್ಲಕ್ಷ್ಯದ ದೂರುಗಳನ್ನು ಗ್ರಾಹಕ ಆಯೋಗ ಮಧ್ಯಸ್ಥಿಕೆಗೆ ಕಳಿಸುವಂತಿಲ್ಲ ಎನ್ನುತ್ತದೆ ಅದು. ಮಧ್ಯಸ್ಥಿಕೆಯ ಮಾತುಕತೆ ಗುಟ್ಟಾಗಿ ನಡೆಯುವಂಥದ್ದು, ಆಯೋಗದ ವಿಚಾರಣೆ ಬಹಿರಂಗವಾದದ್ದು. ಪ್ರಾಣ ಹೋದ ಪ್ರಕರಣ ಬಹಿರಂಗವಾಗಿಯೇ ನಡೆಯಲಿ ಎಂದು ನಮ್ಮ ನಿಯಮ ಆರಿಸಿಕೊಂಡಿದೆ. 2023ರ ಮಧ್ಯಸ್ಥಿಕೆ ಕಾಯ್ದೆಯ ಮೊದಲ ಅನುಸೂಚಿಯೂ ವೈದ್ಯರ, ವಕೀಲರ ನೋಂದಣಿ ಮತ್ತು ಶಿಸ್ತಿನ ದೂರುಗಳನ್ನು ಮಧ್ಯಸ್ಥಿಕೆಗೆ ತಕ್ಕುದಲ್ಲದ ಪಟ್ಟಿಗೆ ಸೇರಿಸಿದೆ.

ಆದರೆ ಇದೆಲ್ಲ ದೂರು ದಾಖಲಾದ ಮೇಲಿನ ಮಾತು. ದೂರು ಕೊಡುವ ಮೊದಲೇ, ಹೆಣ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ, ಆಡಳಿತ ಕಚೇರಿಯ ಬಾಗಿಲು ಹಾಕಿಕೊಂಡು ಊರಿನ ಮುಖಂಡರೊಬ್ಬರ ಸಮಕ್ಷಮದಲ್ಲಿ ಬಿಲ್ಲು ಮನ್ನಾ ಮಾಡಿ, ಒಂದಿಷ್ಟು ಹಣ ಕೊಟ್ಟು, ಛಾಪಾ ಕಾಗದದ ಮೇಲೆ ಮುಂದೆ ಯಾವ ತಕರಾರೂ ಇಲ್ಲವೆಂದು ಬರೆಸಿಕೊಳ್ಳುವ ರಾಜಿಯನ್ನು ಈ ಯಾವ ನಿಯಮವೂ ಮುಟ್ಟುವುದಿಲ್ಲ. ಅಂಥ ಕಾಗದಕ್ಕೆ ಸಹಿ ಹಾಕಿದವರು ಇನ್ನು ತಮ್ಮ ಕೈ ಕಟ್ಟಿತೆಂದು ತಿಳಿಯುತ್ತಾರೆ. ಪೂರ್ತಿ ಹಾಗಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 23ನೇ ಕಲಮು ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಒಪ್ಪಂದ ಊರ್ಜಿತವಲ್ಲ ಎನ್ನುತ್ತದೆ. ಅದಕ್ಕೆ ಕಾಯ್ದೆಯೇ ಕೊಟ್ಟ ಉದಾಹರಣೆಗಳಲ್ಲಿ ಒಂದು, ದೋಚಿದ ಮಾಲಿನ ಬೆಲೆ ಹಿಂದಿರುಗಿಸಿದರೆ ದರೋಡೆಯ ಕ್ರಿಮಿನಲ್ ಕೇಸು ಕೈಬಿಡುವೆ ಎಂಬ ಒಪ್ಪಂದ. ಪೊಲೀಸರಿಗೆ, ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಹೋಗುವುದಿಲ್ಲವೆಂಬ ಸಾಲು ಅದೇ ಜಾತಿಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಥ ಸಾಲನ್ನು ಬರೆದುಕೊಡುವ ವಕೀಲರಿಗೂ ಇದು ತಿಳಿಯದ ವಿಷಯವಲ್ಲ.

ವೈದ್ಯರೊಬ್ಬರ ಪರವಾಗಿ ಎಷ್ಟು ಸಲ ಪರಿಹಾರ ಕೊಡಲಾಗಿದೆ ಎಂದು ಒಂದೆಡೆ ಬರೆದಿಡುವ ವ್ಯವಸ್ಥೆ ನಮ್ಮ ದೇಶದಲ್ಲಿಲ್ಲ. ರಾಜ್ಯದ ವೈದ್ಯಕೀಯ ಪರಿಷತ್ತಿಗೆ ಪ್ರತಿ ಆಸ್ಪತ್ರೆಯೂ ಪ್ರತಿ ವಿಮಾ ಕಂಪನಿಯೂ ತಾನು ಮಾಡಿಕೊಂಡ ಇಂಥ ರಾಜಿಗಳನ್ನು, ಮೊತ್ತ ಬಿಟ್ಟು, ಚಿಕಿತ್ಸೆಯ ಬಗೆ ಮತ್ತು ವೈದ್ಯರ ಹೆಸರಿನೊಂದಿಗೆ ತಿಂಗಳೊಳಗೆ ತಿಳಿಸಬೇಕು ಎಂಬ ಒಂದು ನಿಯಮ ಬಂದರೆ ಸಾಕು. ವೈದ್ಯರ ಹೆಸರನ್ನು ಕೈಬಿಟ್ಟು ಆಸ್ಪತ್ರೆಯ ಹೆಸರಿನಲ್ಲಿ ಕೊಟ್ಟ ಹಣವೂ ಅದರೊಳಗೆ ಬರಬೇಕು. ಇಲ್ಲವಾದರೆ ಅಮೆರಿಕದಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತೆರೆದೇ ಇರುವ ಆ ಕಿಂಡಿಯನ್ನು ನಾವೂ ಮೊದಲ ದಿನದಿಂದಲೇ ತೆರೆದಿಟ್ಟಂತಾಗುತ್ತದೆ.